ಹೊಟ್ಟೆ ಸೀಳಿದ ಅಕ್ಷರ

ಕಾರ್ಡುಗಳ ಡ್ರಾಯರು ಖಾಲಿ ಮಾಡಿದ ದಿನ
ಒಳಗೆ ಸಿಕ್ಕಿದ್ದು
ಒಂದು ಹೇರ್‌ಪಿನ್ನು, ಇಲವಾಲದ ಬಸ್ ಟಿಕೆಟ್ಟು,
ಮತ್ತೆ ನನ್ನದೇ ಕೈಬರಹ, ಇಪ್ಪತ್ತಾರನೇ ವಯಸ್ಸಿನದು,
ಈಗಿನದಕ್ಕಿಂತ ಗುಂಡಗೆ.

ಡ್ರಾಯರಿನಲ್ಲೀಗ ಕೇಬಲ್ಲುಗಳಿವೆ.
ಹಿತ್ತಾಳೆಯ ಚೌಕದಲ್ಲಿ ‘ತ – ನ’ ಚೀಟಿ ಹಾಗೇ ಇದೆ.
ಚಾರ್ಜರ್ ಕೇಳುವ ಹುಡುಗರಿಗೆ
ತ-ನ ದಲ್ಲಿ ನೋಡಿ, ಅನ್ನುತ್ತೇನೆ.

ಮೂರು ದಿನ ತರಬೇತಿಯಿತ್ತು, ಊಟದ ಸಮೇತ.
ಕೊಟ್ಟ ಪ್ರಮಾಣಪತ್ರದಲ್ಲಿ ಒತ್ತುಗಳೆಲ್ಲ ಉದುರಿ
ಪುಟ್ಟಮ್ಮಣ್ಣಿ ಹೋಗಿ ಪುಟಮಣಿ ಆಗಿದ್ದೆ.
ಪುಟ ಎಣಿಸುತ್ತಲೇ ಕೂದಲು ನರೆತವಳಿಗೆ
ಇದೇ ಸರಿಯಿರಬೇಕೆಂದು ಸುಮ್ಮನಾದೆ.

ಬೈಂಡಿಂಗ್ ಕೋಣೆಗೂ ಬೀಗ ಬಿತ್ತು.
ಮೈದಾ ಅಂಟಿಗೆ ಮೈಲುತುತ್ತ ಬೆರೆಸಿ ಕುದಿಸುತ್ತಿದ್ದ
ಜವರಯ್ಯನವರನ್ನು
ಸ್ಕ್ಯಾನರ್ ಪಕ್ಕ ತಂದು ಕೂರಿಸಿದರು.
ಮೂವತ್ತೊಂದು ವರ್ಷ ಪುಸ್ತಕದ ಬೆನ್ನು ಹೊಲಿದವರು,
ಹೊಟ್ಟೆಯೊಳಗೇನಿದೆ ಅಂತ ನೋಡಲು
ಯಾರೂ ಸಂಬಳ ಕೊಟ್ಟಿರಲಿಲ್ಲ.
ಉದಯಗಿರಿಯಿಂದ ಬರುವ ಸುಮೈಯಾ, ಕೆಲಸ ಕಾಯಮ್ಮಾಗದ ಹುಡುಗಿ,
ಅವರ ಬೆರಳನ್ನು ಮೌಸಿನ ಮೇಲಿಟ್ಟು
‘ತಾತ, ಹಿಂಡಬೇಡಿ, ಮುಟ್ಟಿ ಸಾಕು’ ಅಂದಳು.

ಹಲಗೂರಿನ ಶಿವಲಿಂಗು ಕಿವಿಯಲ್ಲಿ ಓದುವವನು.
ನಾವು ಚಿತ್ರ ತೆಗೆದ ಪುಟವನ್ನು
ಯಂತ್ರ ಅಕ್ಷರ ಮಾಡುತ್ತದೆ,
ಇನ್ನೊಂದು ಯಂತ್ರ ಅವನಿಗೆ ಅದನ್ನು ಓದಿ ಹೇಳುತ್ತದೆ,
ನಿದ್ದೆಗಣ್ಣಿನ ಮೇಷ್ಟರ ಹಾಗೆ.
ಒಂದು ಮಧ್ಯಾಹ್ನ ಅವನ ಫೋನು:
‘ಅಕ್ಕಾ, ಮಂಡ್ಯದ ಆ ಹಳೇ ಸಹಕಾರ ಸಂಘದ ವರದಿ.
ಸಂಘದ ದನವನ್ನು ಸದಸ್ಯರಿಗೆ ಸಮನಾಗಿ ಹಂಚಲಾಯಿತು, ಅಂತದೆ.
ಒಟ್ಟು ಎಷ್ಟು ದನ? ಎಲ್ಲಿ ಕಟ್ಟಿದ್ರು?
ಥೀಸಿಸ್ಸಿನ ಅಡಿಟಿಪ್ಪಣಿಗೆ ಹಾಕ್ಬಿಟ್ಟಿದೀನಿ.’

ನಾನು ನಗಲಿಲ್ಲ, ಸುಮೈಯಾ ನಕ್ಕಳು.
ಜವರಯ್ಯ ಕನ್ನಡಕ ಒರೆಸಿ, ಕಾಗದದ ಪುಟಕ್ಕೆ ಬಾಗಿ,
ತುಂಬ ಹೊತ್ತಿನ ಮೇಲೆ ಅಂದರು:
‘ಹೊಟ್ಟೆ ಸೀಳೈತೆ ಮೇಡಂ, ಸಣ್ಣಗೆ.
ಮಸಿ ಮಾಸೈತೆ ಅಷ್ಟೆಯ. ಇದು ಧನ.’
ಆಮೇಲೆ, ತಮಗೇ ಹೇಳಿಕೊಂಡಂತೆ,
‘ನಮ್ಮಟ್ಟೀಲಿ ಎರಡೂ ಒಂದೇಯ ಬುಡಿ.’

ಆ ತ-ನ ಡ್ರಾಯರಿನಲ್ಲಿ
ದ ಧ ಅಕ್ಕಪಕ್ಕವೇ ಇದ್ದವು.
ನಾನು ಒಂದನ್ನೂ ತಪ್ಪಿಸಲಿಲ್ಲ.
ತಪ್ಪಿಸಿದ್ದೆನೇನೋ.
ಫೋನು ಮಾಡಿ ಕೇಳುವವರಿರಲಿಲ್ಲ.

ಶಿಫ್ಟ್ ಒತ್ತಿ ಹಿಡಿದು ಡಿ ಒತ್ತಿದರೆ
ದಕಾರದ ಹೊಟ್ಟೆ ಸೀಳುತ್ತದೆ.
ರಟ್ಟು ಕೊಯ್ಯುವ ಚೂರಿ
ಅವರ ಅಂಗಿ ಜೇಬಿನಲ್ಲಿ ಇನ್ನೂ ಇದೆ, ಕಾಗದ ಸುತ್ತಿಕೊಂಡು;
ಕೈ ಒಮ್ಮೆ ಅದರ ಕಡೆ ಹೋಗಿ
ಕೀಲಿಮಣೆಗೆ ವಾಪಸ್ ಬರುತ್ತದೆ.
ದಿನಕ್ಕೆ ಹದಿನಾಲ್ಕು ಪುಟ. ಇಪ್ಪತ್ತು ಬೇಕು ಅಂತ ಮೇಲಿನವರು.
ಹದಿನಾಲ್ಕರಲ್ಲಿ ಎರಡು ಪುಟ ಅವರು ಸುಮ್ಮನೆ ಓದುತ್ತಾರೆ,
ತುಟಿ ಅಲ್ಲಾಡಿಸುತ್ತ; ನಾನು ವರದಿಯಲ್ಲಿ ಬರೆಯುವುದಿಲ್ಲ.

ಸಂಜೆ ಕುಕ್ಕರಹಳ್ಳಿ ಕೆರೆಯ ಹಕ್ಕಿಗಳು ಮರಳುವಾಗ
ಸರ್ವರ್ ಕೋಣೆಯ ಫ್ಯಾನು ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತದೆ.
‘ನಿಶ್ಶಬ್ದ’ ಬೋರ್ಡಿನ ಕೆಳಗೇ ಕೂತು ಸುಮೈಯಾ
ತಿದ್ದಿದ ಪುಟವನ್ನು ಯಂತ್ರದಿಂದ ಗಟ್ಟಿಯಾಗಿ ಓದಿಸುತ್ತಾಳೆ.
ಸಂಘದ ಧನವನ್ನು.
ಜವರಯ್ಯ ಕಿವಿಗೆ ಕೈಕೊಟ್ಟು ಕೇಳುತ್ತಾರೆ,
‘ಇನ್ನೊಂದ್ಸಲ ಹಾಕವ್ವ,
ಆ ಧ ಗೆ ಉಸಿರು ಸಾಲದು.’